ಅಂಗಳದಿಂದಲೇ ಕೂಗುವ ಈಸ್ಟ್ರೋಜೆನ್

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಕಡೆ 'ಹಾರ್ಮೋನ್' ಎನ್ನುವ ಮಾತು ಪಾಠಪುಸ್ತಕದಿಂದ ಬಂದದ್ದಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಜೊತೆ ಬಂದದ್ದು. ಈಗ ಅದು ಎಲ್ಲದಕ್ಕೂ ಸಲ್ಲುವ ಉತ್ತರವಾಗಿಬಿಟ್ಟಿದೆ. ಮುಟ್ಟು ತಪ್ಪಿದರೆ ಹಾರ್ಮೋನ್, ಮೈ ದಪ್ಪಗಾದರೆ ಹಾರ್ಮೋನ್, ಹುಡುಗನ ದನಿ ಒಡೆಯಲು ತಡವಾದರೆ ಹಾರ್ಮೋನ್. ಅದು ಮೈಯೊಳಗೆ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಅಂತ ಕೇಳಿದರೆ ಮಾತ್ರ ಮಾತು ಮುಂದೆ ಸಾಗುವುದಿಲ್ಲ.

ಪೆರ್ಲದ ಹತ್ತಿರದ ಒಂದು ಕುಟುಂಬಶ್ರೀ ಸಭೆಯಲ್ಲಿ ಒಬ್ಬ ಮಹಿಳೆ ಎತ್ತಿದ ಪ್ರಶ್ನೆ ಇದಕ್ಕಿಂತ ಎಷ್ಟೋ ಚುರುಕಾಗಿತ್ತು. ಅವರ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಮುಗಿದಿದೆ. ದಿನಾ ಒಂದು ಟಾಮೊಕ್ಸಿಫೆನ್ ಮಾತ್ರೆ, 20 ಮಿಲಿಗ್ರಾಂ. ಈಸ್ಟ್ರೋಜೆನ್ ಕೆಲಸ ಮಾಡದಂತೆ ತಡೆಯುವ ಮಾತ್ರೆ ಇದು ಅಂತ ಡಾಕ್ಟರ್ ಹೇಳಿದ್ದಾರೆ. ಅದೇ ಡಾಕ್ಟರ್ ಇನ್ನೊಂದು ಮಾತನ್ನೂ ಹೇಳಿದ್ದಾರೆ: ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡಬೇಡಿ, ಈ ಮಾತ್ರೆಯಿಂದ ಗರ್ಭಕೋಶದ ಒಳಪದರ ದಪ್ಪಗಾಗುವುದುಂಟು. "ಒಳಪದರ ದಪ್ಪ ಮಾಡುವುದು ಈಸ್ಟ್ರೋಜೆನ್ ಅಲ್ವಾ? ತಡೆಯುವ ಮಾತ್ರೆ ಅದನ್ನೇ ಹೇಗೆ ಮಾಡುತ್ತದೆ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಜೀವಕೋಶದ ಪೊರೆಯ ಮೇಲಿರುವ ಒಂದು ಈಸ್ಟ್ರೋಜೆನ್ ರಿಸೆಪ್ಟರ್ ಹತ್ತಿರ ಬಂದು ನಿಲ್ಲುತ್ತೇವೆ. ರಿಸೆಪ್ಟರ್ ಅಂದರೆ ಹಾರ್ಮೋನ್ ಬಂದು ಅಂಟಿಕೊಳ್ಳುವ, ಅದರ ಸುದ್ದಿಯನ್ನು ಜೀವಕೋಶಕ್ಕೆ ಮುಟ್ಟಿಸುವ ಪ್ರೋಟೀನ್. ಅದರ ಹೆಸರು ಜಿಪಿಇಆರ್. ಹಳೆಯ ಹೆಸರು ಜಿಪಿಆರ್30. ಪೂರ್ತಿ ಉತ್ತರ ಅಲ್ಲಿಲ್ಲ, ಆದರೆ ಉತ್ತರದ ಒಂದು ಭಾಗ ಅಲ್ಲಿದೆ.

ಮೊದಲು ಶಾಲೆಯಲ್ಲಿ ಕಲಿಸುವ ಕಥೆ. ಈಸ್ಟ್ರೋಜೆನ್ ಕೊಲೆಸ್ಟೆರಾಲ್‌ನಿಂದ ತಯಾರಾಗುವ ಹಾರ್ಮೋನ್. ಹೆಂಗಸರಲ್ಲಿ ಹೆಚ್ಚಾಗಿ ಅಂಡಾಶಯದಲ್ಲಿ ಹುಟ್ಟುತ್ತದೆ. ಗಂಡಸರ ಮೈಯಲ್ಲೂ ಇದೆ, ಅಲ್ಲಿ ಟೆಸ್ಟೋಸ್ಟೆರೋನ್‌ನಿಂದಲೇ ಆಗುತ್ತದೆ. ಮೈಯಲ್ಲಿ ಓಡಾಡುವ ಈಸ್ಟ್ರೋಜೆನ್‌ಗಳಲ್ಲಿ ಮುಖ್ಯವಾದದ್ದು ಎಸ್ಟ್ರಾಡಯಾಲ್. ಅದು ಕೊಬ್ಬಿನಲ್ಲಿ ಕರಗುವ ಪುಟ್ಟ ಅಣು. ಜೀವಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಅದು ಸಲೀಸಾಗಿ ಒಳಗೆ ಹೋಗುತ್ತದೆ. ನ್ಯೂಕ್ಲಿಯಸ್‌ನಲ್ಲಿ ಕಾದಿರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಹೀಗೆ ಈಸ್ಟ್ರೋಜೆನ್ ಹಿಡಿದ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತವೆ. ಆಗ ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ಕೆಲವು ಬಂದ್ ಆಗುತ್ತವೆ, ಹೊಸ ಪ್ರೋಟೀನ್‌ಗಳು ತಯಾರಾಗುತ್ತವೆ. ಇದೆಲ್ಲಾ ಆಗಲು ಗಂಟೆಗಟ್ಟಲೆ ಹೊತ್ತು ಬೇಕು.

ಈ ಕಥೆಯ ಬುಡ ಹಾಕಿದವರು ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರು ವಿಕಿರಣ ಸೂಸುವ ಹೈಡ್ರೋಜನ್ ಸೇರಿಸಿದ ಎಸ್ಟ್ರಾಡಯಾಲ್ ತಯಾರಿಸಿ, ಅದು ಇಲಿಯ ಮೈಯಲ್ಲಿ ಎಲ್ಲೆಲ್ಲಿ ಉಳಿದುಕೊಳ್ಳುತ್ತದೆ ಅಂತ ನೋಡಿದರು. ಬೇರೆ ಕಡೆಗಳಿಂದ ಅದು ಬೇಗ ಖಾಲಿಯಾಯಿತು, ಗರ್ಭಕೋಶದಲ್ಲಿ ಮಾತ್ರ ಗಟ್ಟಿಯಾಗಿ ಕೂತಿತ್ತು. ಅಂದರೆ ಅದನ್ನು ಹಿಡಿದಿಡುವ ಏನೋ ಒಂದು ಅಲ್ಲಿದೆ. ಆ 'ಏನೋ ಒಂದು' ಈಗ ಇಆರ್-ಆಲ್ಫಾ (ಇಆರ್ ಅಂದರೆ ಈಸ್ಟ್ರೋಜೆನ್ ರಿಸೆಪ್ಟರ್). 1996ರಲ್ಲಿ ಸ್ವೀಡನ್‌ನಲ್ಲಿ ಎರಡನೆಯದು ಸಿಕ್ಕಿತು, ಅದು ಇಆರ್-ಬೀಟಾ. ಎರಡರದ್ದೂ ಮುಖ್ಯ ಕೆಲಸ ನ್ಯೂಕ್ಲಿಯಸ್‌ನಲ್ಲೇ.

ಕಥೆ ಅಚ್ಚುಕಟ್ಟಾಗಿತ್ತು. ತೊಂದರೆಯೂ ಅಲ್ಲೇ ಇತ್ತು.

15 ಸೆಕೆಂಡಿನ ತಕರಾರು

1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ಲಾರಾ ಸೆಗೊ ಮತ್ತು ಜೂನ್ ಡೇವಿಸ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಎಸ್ಟ್ರಾಡಯಾಲ್ ಕೊಟ್ಟು, ಗರ್ಭಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ಅಳೆದರು. ಸೈಕ್ಲಿಕ್ ಎಎಂಪಿ ಅಂದರೆ ಹೊರಗಿನ ಸುದ್ದಿಯನ್ನು ಜೀವಕೋಶದ ಒಳಗೆ ಹರಡುವ ಸಣ್ಣ ಅಣು. ಅದು 15 ಸೆಕೆಂಡಿನಲ್ಲಿ ಏರಿತ್ತು. ಅಷ್ಟು ಹೊತ್ತಿನಲ್ಲಿ ಯಾವ ಜೀನ್ ಚಾಲೂ ಆಗಿ ಯಾವ ಪ್ರೋಟೀನ್ ತಯಾರಾಗಲು ಸಾಧ್ಯ? 1977ರಲ್ಲಿ ರಿಚರ್ಡ್ ಪಿಯೆಟ್ರಾಸ್ ಜೊತೆ ಸೆಗೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗರ್ಭಕೋಶದ ಒಳಪದರದ ಜೀವಕೋಶಗಳ ಹೊರಮೈ ಮೇಲೆಯೇ ಎಸ್ಟ್ರಾಡಯಾಲ್ ಅಂಟಿಕೊಳ್ಳುವ ಜಾಗಗಳಿವೆ ಅಂತ ತೋರಿಸಿದರು.

ಹೆಚ್ಚಿನವರು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ನ್ಯೂಕ್ಲಿಯಸ್ ಕಥೆ ಚೆನ್ನಾಗಿಯೇ ನಡೆಯುತ್ತಿತ್ತು, ಅದರ ಮೇಲೆ ಔಷಧಿಗಳು ಬರುತ್ತಿದ್ದವು. ಹೊರಮೈ ಮೇಲಿನ ರಿಸೆಪ್ಟರ್ ಯಾವುದು ಅಂತ ಬೆರಳು ಮಾಡಿ ತೋರಿಸಲು ಯಾರಿಗೂ ಆಗಿರಲಿಲ್ಲ. ಹೆಸರಿಲ್ಲದ ವಸ್ತುವನ್ನು ನಂಬುವುದು ವಿಜ್ಞಾನಿಗಳಿಗೂ ಕಷ್ಟವೇ.

ಎರಡು ದಾರಿಗಳ ವ್ಯತ್ಯಾಸ ಹೀಗೆ. ಮನೆಗೆ ಬಂದವರು ಸೀದಾ ಒಳಕೋಣೆಗೆ ಹೋಗಿ, ಯಜಮಾನರ ಜೊತೆ ಕೂತು, ಲೆಕ್ಕದ ಪುಸ್ತಕ ತೆಗೆಸಿ ಹೊಸ ಕೆಲಸ ಶುರು ಮಾಡಿಸುವುದು ಒಂದು ರೀತಿ. ಅಂಗಳದಲ್ಲೇ ನಿಂತು "ಓಯ್, ಮಳೆ ಬಂತು, ಅಡಿಕೆ ಒಳಗೆ ಹಾಕಿ" ಅಂತ ಕೂಗುವುದು ಇನ್ನೊಂದು. ಎರಡನೆಯದರಲ್ಲಿ ಹೊಸದೇನೂ ತಯಾರಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಜನರೇ ಎದ್ದು ಓಡುತ್ತಾರೆ. ಈಸ್ಟ್ರೋಜೆನ್ ಎರಡನ್ನೂ ಮಾಡುತ್ತದೆ.

ಅಂಗಳದ ಕೂಗನ್ನು ಕೇಳಿಸಿಕೊಳ್ಳುವ ಕಿವಿ ಯಾವುದು ಅಂತ ಗೊತ್ತಾಗಲು 2000ದವರೆಗೆ ಕಾಯಬೇಕಾಯಿತು. 1990ರ ದಶಕದಲ್ಲಿ ಹಲವು ಲ್ಯಾಬ್‌ಗಳು ಬೇರೆ ಬೇರೆಯಾಗಿ ಜಿಪಿಆರ್30 ಎಂಬ ಒಂದು ಪ್ರೋಟೀನಿನ ಜೀನ್ ಕಂಡುಹಿಡಿದಿದ್ದವು. ಅದು 375 ಅಮೈನೋ ಆಮ್ಲಗಳ ಸರಪಣಿ. ಪೊರೆಯ ಒಳಗೂ ಹೊರಗೂ ಏಳು ಸಲ ಹೊಲಿಗೆ ಹಾಕಿದಂತೆ ಹಾದುಹೋಗುತ್ತದೆ. ಹೀಗೆ ಏಳು ಸಲ ಹಾಯುವ ರಿಸೆಪ್ಟರ್‌ಗಳದ್ದು ದೊಡ್ಡ ಕುಟುಂಬ, ನಮ್ಮ ಮೈಯಲ್ಲಿ ಸುಮಾರು 800 ಇವೆ. ಮನೆಯ ಹಿರಿಯರು ಬಿಪಿಗೆ ತಿನ್ನುವ ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್, ನಾವು ಶೀತಕ್ಕೆ ನುಂಗುವ ಸೆಟ್ರಿಜಿನ್ ಎಲ್ಲಾ ಕೂರುವುದು ಈ ಕುಟುಂಬದ ಒಬ್ಬರಲ್ಲ ಒಬ್ಬರ ಮೇಲೆ. ಜಿಪಿಆರ್30ರ ರಚನೆ ಗೊತ್ತಿತ್ತು, ಆದರೆ ಅದು ಯಾರ ಮಾತು ಕೇಳುತ್ತದೆ ಅಂತ ಗೊತ್ತಿರಲಿಲ್ಲ. ಇಂಥವಕ್ಕೆ ಅನಾಥ ರಿಸೆಪ್ಟರ್ ಅಂತಾರೆ.

2000ದಲ್ಲಿ ಅಮೆರಿಕದ ಎಡ್ವರ್ಡ್ ಫಿಲಾರ್ಡೊ ಒಂದು ಒಳ್ಳೆ ಉಪಾಯ ಮಾಡಿದರು. ಎಸ್‌ಕೆಬಿಆರ್3 ಎಂಬ ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲಿ ಇಆರ್-ಆಲ್ಫಾವೂ ಇಲ್ಲ, ಇಆರ್-ಬೀಟಾವೂ ಇಲ್ಲ. ಹಳೆಯ ಕಥೆಯ ಪ್ರಕಾರ ಅವಕ್ಕೆ ಈಸ್ಟ್ರೋಜೆನ್ ಹಾಕಿದರೆ ಏನೂ ಆಗಬಾರದು. ಆದರೆ ಆಯಿತು, ಅದೂ ನಿಮಿಷಗಳಲ್ಲಿ. ಜಿಪಿಆರ್30 ಇದ್ದರೆ ಮಾತ್ರ ಆಯಿತು. 2005ರಲ್ಲಿ ಇಬ್ಬರು ಬೇರೆ ಬೇರೆಯಾಗಿ, ಎಸ್ಟ್ರಾಡಯಾಲ್ ಈ ರಿಸೆಪ್ಟರ್‌ಗೇ ಅಂಟುತ್ತದೆ ಅಂತ ತೋರಿಸಿದರು. ಒಬ್ಬರು ನ್ಯೂ ಮೆಕ್ಸಿಕೋದ ಎರಿಕ್ ಪ್ರಾಸ್ನಿಟ್ಜ್. ಇನ್ನೊಬ್ಬರು ಟೆಕ್ಸಾಸ್‌ನ ಪೀಟರ್ ಥಾಮಸ್, ಅವರು ಕಡಲ ಮೀನಿನ ಹಾರ್ಮೋನ್ ಮೇಲೆ ಕೆಲಸ ಮಾಡುವವರು. ಮೀನಿನ ಮೊಟ್ಟೆ ಹೊತ್ತಿಗೆ ಮುಂಚೆ ಬಲಿಯದಂತೆ ಹಿಡಿದಿಡುವುದು ಇದೇ ರಿಸೆಪ್ಟರ್ ಅಂತ ಆಮೇಲೆ ಅವರ ತಂಡವೇ ಕಂಡುಕೊಂಡಿತು. 2007ರಲ್ಲಿ ರಿಸೆಪ್ಟರ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಇದಕ್ಕೆ ಜಿಪಿಇಆರ್ ಅಂತ ಹೆಸರು ಕೊಟ್ಟಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಇದು ಇರುವುದು ಹೊರಪೊರೆಯ ಮೇಲೆ ಎಂದರು ಫಿಲಾರ್ಡೊ ಮತ್ತು ಥಾಮಸ್. ಹೆಚ್ಚಿನದು ಜೀವಕೋಶದ ಒಳಗಿನ ಪೊರೆಗಳ ಮೇಲೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಇದೆ ಎಂದರು ಪ್ರಾಸ್ನಿಟ್ಜ್. ಈಸ್ಟ್ರೋಜೆನ್ ಪೊರೆ ದಾಟಬಲ್ಲದ್ದರಿಂದ ಎರಡೂ ಕಡೆ ಅದು ತಲುಪುತ್ತದೆ. ಕೆಲವು ಲ್ಯಾಬ್‌ಗಳಿಗಂತೂ ಈಸ್ಟ್ರೋಜೆನ್ ಇದಕ್ಕೆ ಅಂಟುವುದೇ ಕಾಣಲಿಲ್ಲ. ಸಾಲದ್ದಕ್ಕೆ ಇಆರ್-ಆಲ್ಫಾದ ಒಂದು ಸಣ್ಣ ಪಾಲೂ ಕೊಬ್ಬಿನ ಬಾಲ ಅಂಟಿಸಿಕೊಂಡು ಹೊರಪೊರೆಗೆ ಬಂದು ಕೂರುತ್ತದೆ. ಅದೂ ವೇಗದ ಸುದ್ದಿ ಕಳಿಸುತ್ತದೆ. ಹಾಗಾಗಿ 'ಪೊರೆಯ ಈಸ್ಟ್ರೋಜೆನ್ ರಿಸೆಪ್ಟರ್' ಅಂದರೆ ಒಂದೇ ಒಂದು ಅಂತ ತಿಳಿಯಬೇಡಿ. ಜಿಪಿಇಆರ್ ಅದರಲ್ಲಿ ಹೆಚ್ಚು ಚರ್ಚೆಯಾದದ್ದು.

ಒಳಗೆ ನಡೆಯುವುದೇನು

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಮುಂದಿನ ಲಾಭವೂ ಅಪಾಯವೂ ಇಲ್ಲಿಂದಲೇ ಹೊರಡುವುದು.

ಎಸ್ಟ್ರಾಡಯಾಲ್ ಬಂದು ಕೂತೊಡನೆ ಜಿಪಿಇಆರ್ ಸ್ವಲ್ಪ ಆಕಾರ ಬದಲಿಸುತ್ತದೆ. ಅದರ ಕೆಳಗೆ ಅಂಟಿಕೊಂಡಿರುವ ಜಿ-ಪ್ರೋಟೀನ್ ಎರಡು ತುಂಡಾಗಿ ಬೇರ್ಪಡುತ್ತದೆ. ಒಂದು ತುಂಡು ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಸೆಗೊ 1967ರಲ್ಲೇ ಅಳೆದದ್ದು ಇದೇ ಅಣುವನ್ನು. ಇನ್ನೊಂದು ತುಂಡು ಬಳಸು ದಾರಿ ಹಿಡಿಯುತ್ತದೆ. ಜೀವಕೋಶದ ಹೊರಮೈ ಮೇಲೆ ಎಚ್‌ಬಿ-ಇಜಿಎಫ್ ಎಂಬ ಬೆಳವಣಿಗೆಯ ಅಣು ಕಟ್ಟಿಹಾಕಿದ ಸ್ಥಿತಿಯಲ್ಲಿ ಇರುತ್ತದೆ. ಅದನ್ನು ಕತ್ತರಿಸಿ ಬಿಡಿಸುವ ಕಿಣ್ವವನ್ನು ಈ ತುಂಡು ಎಬ್ಬಿಸುತ್ತದೆ. ಬಿಡುಗಡೆಯಾದ ಅಣು ಪಕ್ಕದಲ್ಲೇ ಇರುವ ಇಜಿಎಫ್ ರಿಸೆಪ್ಟರ್ ಮೇಲೆ ಹೋಗಿ ಕೂರುತ್ತದೆ. ಆ ರಿಸೆಪ್ಟರ್ "ಬೆಳೆ, ಹೋಳಾಗು, ಸಾಯಬೇಡ" ಎನ್ನುವ ಸಂದೇಶವನ್ನು ಒಳಗೆ ಕಳಿಸುತ್ತದೆ. ಇದರ ಜೊತೆಗೆ ಒಳಗಿನ ಗೂಡುಗಳಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ.

ಅಂದರೆ ಈಸ್ಟ್ರೋಜೆನ್ ತಾನು ಕೂತ ರಿಸೆಪ್ಟರ್ ಅಲ್ಲದೆ, ಪಕ್ಕದ ಮನೆಯ ರಿಸೆಪ್ಟರ್ ಅನ್ನೂ ಕೆಲಸಕ್ಕೆ ಹಚ್ಚುತ್ತದೆ. ಇಜಿಎಫ್ ರಿಸೆಪ್ಟರ್ ಎಂದರೆ ಕ್ಯಾನ್ಸರ್ ವಾರ್ಡ್‌ನಲ್ಲಿ ಕೇಳುವ ಹರ್-2 ಎಂಬ ರಿಸೆಪ್ಟರ್ ಇರುವ ಕುಟುಂಬವೇ.

ಅದೇ ಸಂದೇಶ ರಕ್ತನಾಳದ ಒಳಗೋಡೆಯಲ್ಲಿ ಬಂದರೆ ಪರಿಣಾಮ ಬೇರೆ. ಅಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಾಗಿ ನಾಳ ಸಡಿಲವಾಗುತ್ತದೆ. ಮೇದೋಜೀರಕದ ಬೀಟಾ ಕೋಶದಲ್ಲಿ ಬಂದರೆ ಇನ್ಸುಲಿನ್ ಬಿಡುಗಡೆಗೆ ನೆರವಾಗುತ್ತದೆ. "ಸಾಯಬೇಡ" ಎನ್ನುವ ಮಾತು ಇನ್ಸುಲಿನ್ ಕೊಡುವ ಕೋಶಕ್ಕೆ ಸಿಕ್ಕರೆ ಒಳ್ಳೆಯದು, ಗಡ್ಡೆಯ ಕೋಶಕ್ಕೆ ಸಿಕ್ಕರೆ ಕೆಟ್ಟದ್ದು. ರಿಸೆಪ್ಟರ್ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ಉತ್ತರವಿಲ್ಲ. ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ಅಂತ ಕೇಳಬೇಕು.

ಜಿಪಿಇಆರ್ ಜೀನ್ ತೆಗೆದುಹಾಕಿದ ಇಲಿಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಇಆರ್-ಆಲ್ಫಾ ಇಲ್ಲದ ಇಲಿ ಮರಿ ಹಾಕುವುದಿಲ್ಲ. ಜಿಪಿಇಆರ್ ಇಲ್ಲದ ಇಲಿ ಮರಿ ಹಾಕುತ್ತದೆ, ಮೇಲ್ನೋಟಕ್ಕೆ ಆರಾಮಾಗಿಯೇ ಇರುತ್ತದೆ. ತೊಂದರೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ: ಸಕ್ಕರೆ ಸರಿಯಾಗಿ ಇಳಿಯುವುದಿಲ್ಲ, ಇನ್ಸುಲಿನ್ ಸಾಕಷ್ಟು ಬರುವುದಿಲ್ಲ. 2009ರ ಒಂದು ಅಧ್ಯಯನದಲ್ಲಿ ವಯಸ್ಸಾದ ಹೆಣ್ಣಿಲಿಗಳ ಬಿಪಿಯೂ ಏರಿತ್ತು. ತೂಕದ ವಿಷಯದಲ್ಲಿ ಮಾತ್ರ ಲ್ಯಾಬ್‌ಗಳ ನಡುವೆ ಒಮ್ಮತವಿಲ್ಲ. ಒಂದು ಕಡೆಯ ಇಲಿ ದಪ್ಪಗಾಯಿತು, ಇನ್ನೊಂದು ಕಡೆಯದ್ದು ಬೆಳವಣಿಗೆಯಲ್ಲೇ ಹಿಂದೆ ಬಿತ್ತು.

ಸಕ್ಕರೆ ಮತ್ತು ಬಿಪಿ ಅಂದ ಕೂಡಲೇ ನಮ್ಮ ಕಡೆ ಕಿವಿ ನಿಮಿರುತ್ತದೆ, ಅಲ್ವಾ? ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಹೃದಯದ ಕಾಯಿಲೆ ಗಂಡಸರಿಗಿಂತ ಕಮ್ಮಿ. ನಿಂತ ಮೇಲೆ ಅಂತರ ಕಮ್ಮಿಯಾಗುತ್ತಾ ಬರುತ್ತದೆ. ಇದರಲ್ಲಿ ಈಸ್ಟ್ರೋಜೆನ್‌ನ ಪಾಲು ಹಳೆಯ ಸುದ್ದಿ. ಆ ಪಾಲಿನಲ್ಲಿ ಸ್ವಲ್ಪ ಜಿಪಿಇಆರ್‌ಗೆ ಸೇರಿದ್ದು ಎನ್ನುವುದು ಹೊಸದು. ಮನುಷ್ಯರಲ್ಲೂ ಒಂದು ಸುಳಿವಿದೆ. ಕೆಲವರಲ್ಲಿ ಈ ರಿಸೆಪ್ಟರ್‌ನ 16ನೇ ಅಮೈನೋ ಆಮ್ಲ ಪ್ರೋಲೀನ್ ಬದಲು ಲ್ಯೂಸೀನ್ ಆಗಿರುತ್ತದೆ. ಹುಟ್ಟಿನಿಂದಲೇ ಬರುವ ಬದಲಾವಣೆ ಇದು. ಆಗ ರಿಸೆಪ್ಟರ್ ಸ್ವಲ್ಪ ಮಂದ. ಈ ಬದಲಾವಣೆ ಇರುವ ಹೆಂಗಸರಲ್ಲಿ ಬಿಪಿ ಹೆಚ್ಚು, ಗಂಡಸರಲ್ಲಿ ಆ ವ್ಯತ್ಯಾಸ ಇಲ್ಲ ಅಂತ ಕೆನಡಾದ ತಂಡವೊಂದು 2014ರಲ್ಲಿ ವರದಿ ಮಾಡಿತು.

ಇಲ್ಲಿಗೇ ನಿಲ್ಲಿಸಿದರೆ ಜಿಪಿಇಆರ್ ಒಳ್ಳೆ ಮನುಷ್ಯ ಅನ್ನಿಸುತ್ತದೆ. 2016ರಲ್ಲಿ ಅದೇ ಪ್ರಾಸ್ನಿಟ್ಜ್ ಇದ್ದ ತಂಡ ಇನ್ನೊಂದು ಮುಖ ತೋರಿಸಿತು. ನಾಕ್ಸ್-1 ಎಂಬ ಕಿಣ್ವ ರಕ್ತನಾಳಗಳಲ್ಲಿ ಹಾನಿಕಾರಕ ಆಮ್ಲಜನಕ ಅಣುಗಳನ್ನು ಉತ್ಪಾದಿಸುತ್ತದೆ. ವಯಸ್ಸಾದಂತೆ ಅದು ಜಾಸ್ತಿಯಾಗಲು ಜಿಪಿಇಆರ್ ಬೇಕು. ಜಿಪಿಇಆರ್ ಇಲ್ಲದ ಮುದಿ ಇಲಿಗಳ ಹೃದಯ ಮತ್ತು ನಾಳಗಳು ಕಮ್ಮಿ ಹಾಳಾಗಿದ್ದವು. ಜಿಪಿಇಆರ್ ತಡೆಯುವ ಜಿ-36 ಎಂಬ ಅಣು, ಆಂಜಿಯೊಟೆನ್ಸಿನ್‌ನಿಂದ ಏರಿಸಿದ ಬಿಪಿಯನ್ನು ಇಲಿಗಳಲ್ಲಿ ತಗ್ಗಿಸಿತು. ಹಿಂದೆ ನೋಡಿದರೆ ಜಿಪಿಇಆರ್ ಎಬ್ಬಿಸುವ ಜಿ-1 ಎಂಬ ಅಣು ಕೂಡ ಇಲಿಗಳ ಬಿಪಿ ಇಳಿಸಿತ್ತು! ಎಬ್ಬಿಸಿದರೂ ಇಳಿಯುತ್ತದೆ, ತಡೆದರೂ ಇಳಿಯುತ್ತದೆ. ಸುಮ್ನೆ ಗೊಂದಲವಲ್ಲ ಇದು. ಕೂಡಲೇ ನಾಳ ಸಡಿಲಿಸುವ ಕೆಲಸ ಒಂದು, ವರ್ಷಗಟ್ಟಲೆ ನಾಕ್ಸ್-1 ಜೊತೆ ನಡೆಯುವ ಕೆಲಸ ಇನ್ನೊಂದು. ಹಾಗಾಗಿ "ಈಸ್ಟ್ರೋಜೆನ್ ಹೃದಯಕ್ಕೆ ಒಳ್ಳೆಯದಂತೆ" ಎನ್ನುವ ವಾಟ್ಸಾಪ್ ಮಾತಿಗೆ ನನ್ನ ಮಟ್ಟಿಗೆ ಅರ್ಥವಿಲ್ಲ.

ಸುರಂಗದ ನೀರು ಮತ್ತು ಪೊರೆ

ಈ ರಿಸೆಪ್ಟರ್‌ಗೆ ಎಸ್ಟ್ರಾಡಯಾಲ್ ಮಾತ್ರ ಅಂಟುತ್ತದೆ ಅಂತಿಲ್ಲ. 2006ರಲ್ಲಿ ಪೀಟರ್ ಥಾಮಸ್ ಮತ್ತು ಜಿಂಗ್ ಡಾಂಗ್ ಹಲವು ಹೊರಗಿನ ವಸ್ತುಗಳನ್ನು ಪರೀಕ್ಷಿಸಿದರು. ಸೋಯಾದಲ್ಲಿರುವ ಜೆನಿಸ್ಟೀನ್, ಪ್ಲಾಸ್ಟಿಕ್‌ನಲ್ಲೂ ಅಂಗಡಿ ಬಿಲ್ಲಿನ ಕಾಗದದಲ್ಲೂ ಸಿಗುವ ಬಿಸ್ಫೆನಾಲ್-ಎ, ಕೀಟನಾಶಕವಾದ ಕೀಪೋನ್, ಡಿಡಿಟಿಯ ಕೆಲವು ರೂಪಗಳು ಎಲ್ಲಾ ಸ್ವಲ್ಪವೋ ಹೆಚ್ಚೋ ಅಂಟಿಕೊಂಡವು. ಎಸ್ಟ್ರಾಡಯಾಲ್‌ಗೆ ಹೋಲಿಸಿದರೆ ಇವುಗಳ ಹಿಡಿತ ಬಹಳ ಸಡಿಲ.

ಎಂಡೋಸಲ್ಫಾನ್ ಕಥೆಗೆ ಇಲ್ಲೊಂದು ಕೊಂಡಿ ಇದೆ. ಅದನ್ನು ಎಷ್ಟು ಎಳೆಯಬಹುದೋ ಅಷ್ಟೇ ಎಳೆಯಬೇಕು.

ಗೇರಿನ ಚಿಗುರು ಹೀರುವ ಟೀ ಸೊಳ್ಳೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ತಪ್ಪಲಲ್ಲಿ ಮನೆ, ಮನೆಗೆ ನೀರು ಗುಡ್ಡ ಕೊರೆದ ಸುರಂಗದಿಂದ. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕು. ಕರುಗಳಲ್ಲಿ ಅಂಗವೈಕಲ್ಯ ಕಾಣಿಸಿದ್ದನ್ನು ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಅಂತ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಕೇಳಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ 10ರಿಂದ 19 ವರ್ಷದ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಟೆಸ್ಟೋಸ್ಟೆರೋನ್ ತಯಾರಿಗೂ ಅಡ್ಡಿಯಾಗಿರಬಹುದು ಎಂದಿತ್ತು. ಆ ವರದಿಯ ಮೇಲೆ ಟೀಕೆಗಳೂ ಬಂದವು, ಉತ್ತರಗಳೂ ಬಂದವು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನ್ ಅನ್ನು ತನ್ನ ನಿಷೇಧ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ನಿಲ್ಲಿಸಿತು.

ಲ್ಯಾಬಿನಲ್ಲಿ ನೋಡಿದರೆ, ನ್ಯೂಕ್ಲಿಯಸ್‌ನ ಇಆರ್-ಆಲ್ಫಾ ಮೇಲೆ ಎಂಡೋಸಲ್ಫಾನ್ ಬಹಳ ದುರ್ಬಲ. "ಇಷ್ಟು ದುರ್ಬಲವಾದದ್ದು ಹಾರ್ಮೋನ್ ಕೆಡಿಸುವುದುಂಟೇ?" ಎನ್ನುವುದು ಕಂಪನಿಗಳ ಪರ ಮಾತಾಡುವವರ ಮುಖ್ಯ ವಾದ. ಆದರೆ ಆ ವಾದ ಒಂದೇ ದಾರಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಟೆಕ್ಸಾಸ್‌ನ ಗಾಲ್ವಸ್ಟನ್‌ನಲ್ಲಿ ಶೆರಿಲ್ ವಾಟ್ಸನ್ ಅವರ ತಂಡ 2004 ಮತ್ತು 2005ರಲ್ಲಿ ಇಲಿಯ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಕೋಶಗಳ ಮೇಲೆ ಎಂಡೋಸಲ್ಫಾನ್, ಡೈಎಲ್ಡ್ರಿನ್ ಮುಂತಾದವನ್ನು ಹಾಕಿ ನೋಡಿತು. ಅತಿ ಕಮ್ಮಿ ಪ್ರಮಾಣದಲ್ಲೇ, ನಿಮಿಷಗಳಲ್ಲೇ, ಪೊರೆಯಿಂದ ಹೊರಡುವ ಸಂದೇಶಗಳು ಎದ್ದವು. ಪ್ರಮಾಣ ಹೆಚ್ಚಿದಂತೆ ಪರಿಣಾಮ ಹೆಚ್ಚುತ್ತಾ ಹೋಗುವ ನೇರ ಗೆರೆಯೂ ಅಲ್ಲಿ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಜಿಪಿಇಆರ್ ಅಲ್ಲ, ಪೊರೆಗೆ ಬಂದು ಕೂತ ಇಆರ್-ಆಲ್ಫಾ ಎಂದು ಆ ತಂಡ ಹೇಳಿತು. ನ್ಯೂಕ್ಲಿಯಸ್ ದಾರಿಯಲ್ಲಿ ದುರ್ಬಲವಾದದ್ದು ಪೊರೆಯ ದಾರಿಯಲ್ಲೂ ದುರ್ಬಲವೇ ಆಗಿರಬೇಕಿಲ್ಲ. ಇದೇ ಇಲ್ಲಿಯ ತಿರುಳು.

ಹಾಗಂತ ಸ್ವರ್ಗ, ವಾಣಿನಗರ ಎಂಬ ಊರುಗಳ ಮಕ್ಕಳಿಗಾದದ್ದಕ್ಕೆಲ್ಲಾ ಈಸ್ಟ್ರೋಜೆನ್ ರಿಸೆಪ್ಟರ್ ಕಾರಣ ಅಂತ ಹೇಳಿದರೆ ತಪ್ಪು. ಎಂಡೋಸಲ್ಫಾನ್ ಮೊದಲು ಹೊಡೆಯುವುದು ನರಗಳಿಗೆ. ಮಿದುಳನ್ನು ಶಾಂತವಾಗಿಡುವ ಗಾಬಾ ರಿಸೆಪ್ಟರ್ ಅನ್ನು ಅದು ತಡೆಯುತ್ತದೆ, ಅದರಿಂದಲೇ ಫಿಟ್ಸ್ ಬರುವುದು. ಗಾಜಿನ ತಟ್ಟೆಯ ಕೋಶಕ್ಕೂ, ಇಪ್ಪತ್ತು ವರ್ಷ ಸುರಂಗದ ನೀರು ಕುಡಿದ ಮನೆಗೂ ನಡುವೆ ಉದ್ದದ ದಾರಿ ಇದೆ. ಎಲ್ಲವನ್ನೂ 'ಹಾರ್ಮೋನ್' ಎಂಬ ಒಂದೇ ಚೀಲಕ್ಕೆ ತುಂಬಿದರೆ ನಮ್ಮ ವಾದವೇ ಸಡಿಲವಾಗುತ್ತದೆ.

ಮಾತ್ರೆಯ ಪ್ರಶ್ನೆಗೆ

ಇನ್ನು ಟಾಮೊಕ್ಸಿಫೆನ್. ಅದು ಇಆರ್-ಆಲ್ಫಾ ಮೇಲೆ ಕೂತು ಈಸ್ಟ್ರೋಜೆನ್‌ಗೆ ಜಾಗ ಸಿಗದಂತೆ ಮಾಡುತ್ತದೆ. ಆದರೆ ಕೂತ ಮೇಲೆ ಏನಾಗುತ್ತದೆ ಎನ್ನುವುದು ಆ ಅಂಗದಲ್ಲಿ ಇರುವ ಸಹಾಯಕ ಪ್ರೋಟೀನ್‌ಗಳನ್ನು ಅವಲಂಬಿಸಿದೆ. ಸ್ತನದಲ್ಲಿ ಅದು ಜೀನ್‌ಗಳನ್ನು ಸುಮ್ಮನಿರಿಸುವವರನ್ನು ಕರೆಯುತ್ತದೆ. ಗರ್ಭಕೋಶದಲ್ಲಿ ಜೀನ್‌ಗಳನ್ನು ಎಬ್ಬಿಸುವವರು ಜಾಸ್ತಿ ಸೇರುತ್ತಾರೆ. ಅಕ್ಕನ ಡಾಕ್ಟರ್ ಹೇಳಿದ ಎಚ್ಚರಿಕೆಗೆ ಮುಖ್ಯ ವಿವರಣೆ ಇದೇ. ಮೂಳೆ ಸವೆಯದಂತೆ ಟಾಮೊಕ್ಸಿಫೆನ್ ಸ್ವಲ್ಪ ಕಾಯುವುದೂ ಇದೇ ಕಾರಣಕ್ಕೆ.

ಎರಡನೆಯ ವಿವರಣೆ ಜಿಪಿಇಆರ್‌ನಿಂದ ಬರುತ್ತದೆ. ಇಆರ್-ಆಲ್ಫಾವನ್ನು ತಡೆಯುವ ಟಾಮೊಕ್ಸಿಫೆನ್, ಜಿಪಿಇಆರ್ ಅನ್ನು ಎಬ್ಬಿಸುತ್ತದೆ. ಇನ್ನೂ ಬಲವಾದ ತಡೆ ಎನಿಸಿಕೊಂಡ ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ಕೂಡ ಹಾಗೆಯೇ. ಇಟಲಿಯ ಕಲಬ್ರಿಯಾದ ಸಂಶೋಧಕರು 2006ರಲ್ಲಿ ಗರ್ಭಕೋಶದ ಕ್ಯಾನ್ಸರ್ ಕೋಶಗಳಿಗೆ ಟಾಮೊಕ್ಸಿಫೆನ್‌ನ ಕ್ರಿಯಾಶೀಲ ರೂಪ ಹಾಕಿದಾಗ, ಅವು ಜಿಪಿಇಆರ್ ಮೂಲಕ ಬೆಳೆದವು. ಟಾಮೊಕ್ಸಿಫೆನ್‌ಗೆ ಬಗ್ಗದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈ ರಿಸೆಪ್ಟರ್ ಮತ್ತು ಅದರ ಪಕ್ಕದ ಇಜಿಎಫ್ ರಿಸೆಪ್ಟರ್ ನಡುವಿನ ಸಂಪರ್ಕ ಗಟ್ಟಿಯಾಗಿರುತ್ತದೆ ಅಂತಲೂ ಲ್ಯಾಬ್ ವರದಿಗಳಿವೆ.

ಇದನ್ನು ಓದಿ ಯಾರೂ ಮಾತ್ರೆ ಬಿಡಬಾರದು. ಈಸ್ಟ್ರೋಜೆನ್ ರಿಸೆಪ್ಟರ್ ಇರುವ ಸ್ತನ ಕ್ಯಾನ್ಸರ್‌ನಲ್ಲಿ ಐದು ವರ್ಷ ಟಾಮೊಕ್ಸಿಫೆನ್ ತೆಗೆದುಕೊಂಡವರಲ್ಲಿ, ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮೊದಲ 15 ವರ್ಷಗಳಲ್ಲಿ ಸುಮಾರು ಮೂರನೇ ಒಂದರಷ್ಟು ಕಮ್ಮಿ. ಸಾವಿರಾರು ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನೆಲ್ಲಾ ಒಟ್ಟು ಮಾಡಿ 2011ರಲ್ಲಿ ಬಂದ ಲೆಕ್ಕ ಅದು. ಗರ್ಭಕೋಶದ ಅಪಾಯ ಇದಕ್ಕೆ ಹೋಲಿಸಿದರೆ ಚಿಕ್ಕದು, ಅದೂ ಹೆಚ್ಚಾಗಿ ಮುಟ್ಟು ನಿಂತವರಲ್ಲಿ. ಮುಟ್ಟು ನಿಂತವರಿಗೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಬೇರೆ ಮಾತ್ರೆಗಳಿವೆ. ಅವು ರಿಸೆಪ್ಟರ್ ಹತ್ತಿರವೇ ಹೋಗುವುದಿಲ್ಲ, ಈಸ್ಟ್ರೋಜೆನ್ ತಯಾರಿಯನ್ನೇ ನಿಲ್ಲಿಸುತ್ತವೆ. ಹಾಗಾಗಿ ಒಂದು ರಿಸೆಪ್ಟರ್ ತಡೆಯಲು ಹೋಗಿ ಇನ್ನೊಂದನ್ನು ಎಬ್ಬಿಸುವ ಪ್ರಶ್ನೆ ಅಲ್ಲಿ ಇಲ್ಲ.

ಮಂಗಳೂರಿನಿಂದ ಬರುವ ಪೆಥಾಲಜಿ ರಿಪೋರ್ಟ್ ಕೈಗೆತ್ತಿಕೊಂಡು ನೋಡಿ. ಅದರಲ್ಲಿ ಇಆರ್, ಪಿಆರ್ (ಪ್ರೊಜೆಸ್ಟೆರೋನ್ ಹಾರ್ಮೋನ್‌ನ ರಿಸೆಪ್ಟರ್), ಹರ್-2 ಎಂಬ ಮೂರು ಸಾಲು ಇರುತ್ತವೆ. ಗಡ್ಡೆಯ ತೆಳು ಹಾಳೆಗೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ಇಟ್ಟಾಗ, ಇಆರ್ ಇರುವ ನ್ಯೂಕ್ಲಿಯಸ್‌ಗಳು ಕಂದು, ಇಲ್ಲದವು ನೀಲಿ. ಪೆಥಾಲಜಿಸ್ಟ್ ಎಣಿಸುವುದು ಈ ಕಂದು ನ್ಯೂಕ್ಲಿಯಸ್‌ಗಳನ್ನು. ನೂರಕ್ಕೆ ಒಂದು ಕಂದಾಗಿದ್ದರೂ ಇಆರ್ ಪಾಸಿಟಿವ್. ಪೊರೆಯ ಮೇಲೆ ಬಣ್ಣ ಕಂಡರೆ ಅದು ಇಆರ್ ಲೆಕ್ಕಕ್ಕೆ ಬರುವುದಿಲ್ಲ. ಪೊರೆಯನ್ನು ನೋಡುವುದು ಹರ್-2 ಸಾಲಿಗೆ ಮಾತ್ರ. ಜಿಪಿಇಆರ್‌ಗೆ ಅಲ್ಲಿ ಸಾಲೇ ಇಲ್ಲ. 'ಇಆರ್ ನೆಗೆಟಿವ್' ಅಂತ ಬರೆದ ಗಡ್ಡೆಗೂ ಜಿಪಿಇಆರ್ ಇರಬಹುದು, ಫಿಲಾರ್ಡೊ ಅವರ ಎಸ್‌ಕೆಬಿಆರ್3 ಕೋಶಗಳು ಅಂಥವೇ. ಹಾಗಾದರೆ ಅದನ್ನೂ ಯಾಕೆ ಅಳೆಯುವುದಿಲ್ಲ? ಅಳೆದು ಏನು ಮಾಡಬೇಕು ಅಂತ ಸ್ಪಷ್ಟವಿಲ್ಲ, ಅದಕ್ಕೆ. ಫಿಲಾರ್ಡೊ ತಂಡದ 2006ರ ಅಧ್ಯಯನದಲ್ಲಿ ಜಿಪಿಇಆರ್ ಹೆಚ್ಚಿದ್ದ ಗಡ್ಡೆಗಳು ದೊಡ್ಡವಾಗಿದ್ದವು, ಹರಡಿದ್ದವು. ಬೇರೆ ತಂಡಗಳು ಜಿಪಿಇಆರ್ ಗಡ್ಡೆಯನ್ನು ಹತ್ತಿಕ್ಕುತ್ತದೆ ಎಂಬ ತಿರುಗು ಫಲಿತಾಂಶ ಕೊಟ್ಟಿವೆ. ಖಾಸಗಿ ಲ್ಯಾಬ್ ಯಾವುದಾದರೂ ಈ ಟೆಸ್ಟ್ ಮಾಡಿಸಿ ಅಂತ ಹೇಳಿದರೆ ದುಡ್ಡು ಉಳಿಸಿಕೊಳ್ಳಿ.

ಔಷಧಿಯ ಆಸೆ ಹುಟ್ಟಿರುವುದು ಬೇರೆ ಕಡೆ. 2006ರಲ್ಲಿ ಪ್ರಾಸ್ನಿಟ್ಜ್ ಜೊತೆಗಾರರು ತಯಾರಿಸಿದ ಜಿ-1 ಜಿಪಿಇಆರ್ ಮೇಲೆ ಮಾತ್ರ ಕೂರುತ್ತದೆ, ನ್ಯೂಕ್ಲಿಯಸ್‌ನ ರಿಸೆಪ್ಟರ್‌ಗಳನ್ನು ಬಿಟ್ಟುಬಿಡುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಡಾಶಯ ತೆಗೆದ ದಪ್ಪ ಹೆಣ್ಣಿಲಿಗಳಿಗೆ ಜಿ-1 ಕೊಟ್ಟಾಗ ತೂಕ ಇಳಿಯಿತು, ಸಕ್ಕರೆ ಸುಧಾರಿಸಿತು. ಅವು ತಿನ್ನುವುದು ಕಮ್ಮಿಯಾಗಿರಲಿಲ್ಲ, ಮೈ ಹೆಚ್ಚು ಶಕ್ತಿ ಉರಿಸುತ್ತಿತ್ತು. ಮುಟ್ಟು ನಿಂತ ಮೇಲೆ ಏರುವ ಸಕ್ಕರೆಗೆ, ಸ್ತನವನ್ನೂ ಗರ್ಭಕೋಶವನ್ನೂ ಕೆಣಕದ ಒಂದು ಮದ್ದು ಸಿಗಬಹುದೇ ಎನ್ನುವುದು ಇದರ ಹಿಂದಿನ ಲೆಕ್ಕಾಚಾರ.

ಮನುಷ್ಯರವರೆಗೆ ಬಂದಿರುವುದು ಮಾತ್ರ ಕ್ಯಾನ್ಸರ್‌ಗೆ, ಅದೂ ಚರ್ಮದ ಮೆಲನೋಮಾ ಮುಂತಾದವಕ್ಕೆ. ಮೆಲನೋಮಾದಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ಬದುಕುಳಿಯುತ್ತಾರೆ ಎನ್ನುವುದು ಹಳೆಯ ಗಮನಿಕೆ. ಪೆನ್ಸಿಲ್ವೇನಿಯಾದ ಟಾಡ್ ರಿಡ್ಕಿ ತಂಡ 2018ರಲ್ಲಿ ತೋರಿಸಿದಂತೆ, ಜಿಪಿಇಆರ್ ಎಚ್ಚೆತ್ತರೆ ಮೆಲನೋಮಾ ಕೋಶಗಳು ಹುಚ್ಚಾಗಿ ಹೋಳಾಗುವುದನ್ನು ಬಿಟ್ಟು ಸಾಮಾನ್ಯ ಬಣ್ಣದ ಕೋಶಗಳ ಹಾಗೆ ಬಲಿಯುತ್ತವೆ. ಮೈಯ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಔಷಧಿಯ ಜೊತೆ ಕೊಟ್ಟಾಗ ಇಲಿಗಳು ಇನ್ನೂ ಹೆಚ್ಚು ಕಾಲ ಬದುಕಿದವು. ಸ್ತನದಲ್ಲಿ "ಹೋಳಾಗು" ಎನ್ನುವ ರಿಸೆಪ್ಟರ್ ಚರ್ಮದಲ್ಲಿ "ಸಾಕು ನಿಲ್ಲು" ಎನ್ನುತ್ತದೆ. ಜಿ-1ರ ಎರಡು ಕನ್ನಡಿ ರೂಪಗಳಲ್ಲಿ ಕೆಲಸ ಮಾಡುವ ರೂಪವನ್ನು ಬೇರ್ಪಡಿಸಿ ಎಲ್‌ಎನ್‌ಎಸ್8801 ಎಂಬ ಹೆಸರಿನಲ್ಲಿ ಬಾಯಿಯಿಂದ ಕೊಡುವ ಔಷಧಿ ಮಾಡಿದ್ದಾರೆ. ಅದರ ಪ್ರಯೋಗಗಳು ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ಶುರುವಾಗಿವೆ.